ಇಂಜಿನ್‌ಗೆ ಮನೆ ಮಾಡಿಕೊಡುವ ಖರ್ಚು

ಜಹೀರಾಬಾದಿನ ನಮ್ಮ ಮನೆಯ ಬೇವಿನ ಮರದಡಿ ಅಪ್ಪನ ಜೀಪು ಹದಿನಾಲ್ಕು ತಿಂಗಳು ನಿಂತೇ ಇತ್ತು. 1992ರ ಮಹೀಂದ್ರ ಎಂಎಂ 540. ನಂಬರ್ ಪ್ಲೇಟಿನ ಮೇಲೆ ಇವತ್ತಿಗೂ ಹಳೆಯ ಮೇದಕ್ ಜಿಲ್ಲೆಯ ಎಪಿ 23. ರಾಜ್ಯ ತೆಲಂಗಾಣವಾಯಿತು, ಜಿಲ್ಲೆ ಸಂಗಾರೆಡ್ಡಿಯಾಯಿತು, ಅಪ್ಪ ಹೋದರು, ಜೀಪು ಉಳಿಯಿತು. 2023ರ ಏಪ್ರಿಲ್ ಬಿಸಿಲಲ್ಲಿ ಹೊಲದಿಂದ ಬರುತ್ತಿರುವಾಗ ರೇಡಿಯೇಟರ್ ಕಟ್ಟಿಕೊಂಡು, ಇಂಜಿನ್ ಕಾದು, ಸಿಲಿಂಡರ್ ಹೆಡ್ ಬಿರುಕು ಬಿಟ್ಟಿತು.

ಅದರ ಇಂಜಿನ್ ಫ್ರಾನ್ಸಿನ ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90. 2,112 ಸಿಸಿ, 62 ಅಶ್ವಶಕ್ತಿ. ಜೀಪಿಗೆ ಹೊಂದುವ, ಚುರುಕಾಗಿ ತಿರುಗುವ ಡೀಸೆಲ್ ಇಂಜಿನ್ ಬೇಕೆಂದು ಮಹೀಂದ್ರದವರು ಪ್ಯೂಜೋ ಜತೆ ಒಪ್ಪಂದ ಮಾಡಿಕೊಂಡು ತಂದದ್ದು. ಒಳ್ಳೆಯ ಇಂಜಿನ್ನೇ. ಆದರೆ ಈಗ ಅದರ ಹೆಡ್ ಹುಡುಕುವುದೆಂದರೆ ಊರೂರು ಅಲೆಯುವುದು. ರಿಪೇರಿಗೆ 85,000 ರೂಪಾಯಿ ಆಗುತ್ತದೆ ಎಂದ ಮಿಸ್ತ್ರಿ, ಹೆಡ್ ಸಿಕ್ಕರೆ ಮಾತ್ರ ಎಂದೂ ಸೇರಿಸಿದರು.

ಹಾಗಾಗಿ ಬೇರೆ ಇಂಜಿನ್ ಹಾಕುವ ಮಾತು ಬಂತು. ನಾನು ಉತ್ಸಾಹದಿಂದ, "ಇಂಜಿನ್ ಎಷ್ಟಕ್ಕ ಸಿಗ್ತದ ಉಸ್ತಾದ್?" ಎಂದು ಕೇಳಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ಹೇಳಿದ ಮಾತು ನನಗೆ ಹಣಕಾಸಿನ ದೊಡ್ಡ ಪಾಠ: "ಇಂಜಿನ್ ತರೋದು ಹಗುರ ಅದ ಸಾಹೇಬ್ರ. ಅದಕ್ಕ ಈ ಗಾಡ್ಯಾಗ ಮನಿ ಮಾಡಿ ಕೊಡೋದು ತುಟ್ಟಿ ಬೀಳ್ತದ."

ಆ ಮಾತಿನ ತೂಕ ಅವತ್ತು ನನಗೆ ತಿಳಿಯಲಿಲ್ಲ. ಮರುವಾರವೇ ಹೈದರಾಬಾದಿನ ಒಂದು ಗುಜರಿ ಅಂಗಡಿಗೆ ಹೋಗಿ ಇಂಜಿನ್ ನೋಡಿ 10,000 ಮುಂಗಡ ಕೊಟ್ಟುಬಂದೆ. ಎರಡನೇ ಸಲ ಹೋದಾಗ ಮಿಸ್ತ್ರಿಯನ್ನೂ ಕರೆದೊಯ್ದೆ. ಅವರು ಬ್ಲಾಕಿನ ಮೇಲೆ ಬೆರಳಾಡಿಸಿ, ನಂಬರ್ ಇರಬೇಕಾದ ಜಾಗ ಉಜ್ಜಿಹೋಗಿರುವುದನ್ನು ತೋರಿಸಿದರು. ಬಿಲ್ ಕೇಳಿದೆ, ಕೊಡಲಿಲ್ಲ. ಮುಂಗಡವೂ ವಾಪಸ್ ಬರಲಿಲ್ಲ. ನಂಬರ್ ಇಲ್ಲದ ಇಂಜಿನ್ ಎಷ್ಟು ಅಗ್ಗವಾದರೂ ಕಬ್ಬಿಣದ ತುಂಡು ಅಷ್ಟೇ. ಅದನ್ನು ಆರ್‌ಸಿಗೆ ಏರಿಸಲು ಆಗುವುದಿಲ್ಲ.

ಆಮೇಲೆ ಕಾಗದದಿಂದ ಶುರುಮಾಡಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಗಾಡಿಯ ಮಾರ್ಪಾಡಿಗೆಂದೇ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇಂಜಿನ್ ಬದಲಾದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ನಾನು ಕಂಡುಕೊಂಡ ಸುರಕ್ಷಿತ ದಾರಿ ಇದು: ಅದೇ ತಯಾರಕರ ಇಂಜಿನ್, ಅದೇ ಇಂಧನ, ಮತ್ತು ಕೊಳ್ಳುವ ಮೊದಲೇ ಕಚೇರಿಗೆ ಹೋಗಿ ಕೇಳುವುದು. ಡೀಸೆಲ್ ಜೀಪಿಗೆ ಮಹೀಂದ್ರದ್ದೇ ಡೀಸೆಲ್ ಇಂಜಿನ್ ಎಂದು ಅಲ್ಲಿಗೆ ತೀರ್ಮಾನವಾಯಿತು.

ಹಾಗಾದರೆ ಯಾವುದು? ಮಹೀಂದ್ರದ 2,523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್. ಅದರ ಬೇರು ಟ್ರ್ಯಾಕ್ಟರಿನಲ್ಲಿದೆ. ನಮ್ಮೂರಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆಯೇ ಇದೆ. ಅದಕ್ಕೂ ಮೊದಲು ಇಲ್ಲಿ ಆಲ್ವಿನ್ ನಿಸ್ಸಾನ್ ಲಾರಿಗಳು ತಯಾರಾಗುತ್ತಿದ್ದವು. ಜಹೀರಾಬಾದಿನ ಮಿಸ್ತ್ರಿಗಳ ಕೈಗೆ ಇಂಥ ಇಂಜಿನ್ ಹೊಸದಲ್ಲ, ಲೈನರ್ ಪಿಸ್ಟನ್ ಸೆಟ್ಟಿಗಾಗಿ ವಾರಗಟ್ಟಲೆ ಕಾಯಬೇಕಿಲ್ಲ. ಇದಕ್ಕಿಂತ ಜೋರಾಗಿ ಓಡುವ ಇಂಜಿನ್ ಬೇರೆ ಇದ್ದಾವು. ಆದರೆ ಹಳೆಯ ಗಾಡಿಯ ವಿಷಯದಲ್ಲಿ ನಾನು ಕೊಳ್ಳುವ ಬೆಲೆಗಿಂತ ಮೊದಲು ಕೇಳುವ ಪ್ರಶ್ನೆ ಒಂದೇ: ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗುತ್ತದೆಯೇ?

ಇನ್ನು ದುಡ್ಡು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬಿಡಿಸಿದೆ. ಮೊದಲನೆಯದು ಹೊಲದ ಪುಟ. ಮಳೆಗಾಲದಲ್ಲಿ ನಮ್ಮ ತೊಗರಿ ಹೊಲದ ಎರೆ ದಾರಿಯಲ್ಲಿ ಸಾದಾ ಗಾಡಿ ಹೂತುಬಿಡುತ್ತದೆ, ನಾಲ್ಕೂ ಚಕ್ರ ಎಳೆಯುವ ಜೀಪೇ ಬೇಕು. ಬಾಡಿಗೆಗೆ ಗಾಡಿ ತಂದರೆ ವರ್ಷಕ್ಕೆ 40 ಸಲ, ಸಲಕ್ಕೆ 600ರಂತೆ 24,000. ಸ್ವಂತ ಜೀಪಾದರೆ ಅಷ್ಟೇ ಓಡಾಟಕ್ಕೆ ಡೀಸೆಲ್ 8,000. ವಿಮೆ, ಸಣ್ಣಪುಟ್ಟ ರಿಪೇರಿ, ನೋಂದಣಿ ನವೀಕರಣಕ್ಕೆ ಎತ್ತಿಡುವುದು ಸೇರಿ 10,000. ಉಳಿಯುವುದು 6,000. ಹತ್ತು ವರ್ಷಕ್ಕೆ 60,000. ಅಂದರೆ ಈ ಜೀಪಿನ ಮೇಲೆ ಹೊಲದ ದುಡ್ಡು ಹಾಕಬಹುದಾದದ್ದು 60,000, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ.

ಎರಡನೆಯದು ಅಪ್ಪನ ಪುಟ. ಶಿವರಾತ್ರಿಗೆ ಓಣಿಯ ಮಂದಿಯನ್ನೆಲ್ಲ ಈ ಜೀಪಿನಲ್ಲಿ ಕೂಡಿಸಿಕೊಂಡು ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಒಯ್ಯುತ್ತಿದ್ದರು ಅಪ್ಪ. ಆ ಜೀಪನ್ನು ಗುಜರಿಗೆ ಕಳಿಸಲು ನನಗೂ ಮನಸ್ಸಿಲ್ಲ, ಅವ್ವನಿಗೂ ಇಲ್ಲ. ಈ ಮನಸ್ಸಿಗೂ ಬೆಲೆ ಇದೆ. ಆದರೆ ಅದನ್ನು ಮೈಲೇಜಿನ ಹೆಸರಲ್ಲಿ ಮುಚ್ಚಿಡಬಾರದು. ಹೊಸ ಇಂಜಿನ್ನಿನ ಡೀಸೆಲ್ ಉಳಿತಾಯದಲ್ಲೇ ಖರ್ಚು ವಾಪಸಾಗುತ್ತದೆ ಎಂದು ಹಲವರು ಹೇಳಿದರು. ಈಗ ಲೆಕ್ಕ ನೋಡಿ. ಹಳೆಯದು ಲೀಟರಿಗೆ 9 ಕಿಲೋಮೀಟರ್ ಕೊಡುತ್ತಿತ್ತು. ಡಿಐನಲ್ಲಿ ಡೀಸೆಲ್ ನೇರ ಪಿಸ್ಟನ್ನಿನ ಮೇಲೆಯೇ ಸಿಂಪಡಣೆಯಾಗುವುದರಿಂದ ಶಾಖ ಪೋಲಾಗುವುದು ಕಡಿಮೆ, ನನಗೆ 12 ಸಿಗುತ್ತಿದೆ. ವರ್ಷಕ್ಕೆ 3,000 ಕಿಲೋಮೀಟರ್ ಓಡಿಸಿದರೆ ಉಳಿಯುವುದು 83 ಲೀಟರ್, ಲೀಟರಿಗೆ 95 ರೂಪಾಯಿ ಹಿಡಿದರೆ ಸುಮಾರು 7,900 ರೂಪಾಯಿ. ಅಷ್ಟರಿಂದಲೇ ಕೆಳಗೆ ಬರೆದ ಒಟ್ಟು ಖರ್ಚು ತೀರಬೇಕಾದರೆ 18 ವರ್ಷ ಬೇಕು.

ಬ್ಯಾಂಕಿನ ಪರ್ಸನಲ್ ಲೋನ್ ಬೇಡ, ಅವ್ವನ ಬಂಗಾರ ಅಡವಿಡುವುದೂ ಬೇಡ ಎಂದುಕೊಂಡು ತಿಂಗಳಿಗೆ 6,000ದಂತೆ ಆರ್‌ಡಿ ಕಟ್ಟಿದೆ. ಹದಿನಾಲ್ಕು ತಿಂಗಳಿಗೆ 84,000 ಆಯಿತು. ಆ ಕಾಯುವಿಕೆಯಲ್ಲೇ ಸರಿಯಾದ ಇಂಜಿನ್ನೂ ಸಿಕ್ಕಿತು. ತಾಂಡೂರಿನ ಕಲ್ಲುಗಣಿಯೊಂದರಲ್ಲಿ ದುಡಿದು ಬಾಡಿ ತುಕ್ಕು ಹಿಡಿದಿದ್ದ ಒಂದು ಮಹೀಂದ್ರ ಕಮಾಂಡರ್ ಜೀಪಿನ ಡಿಐ ಇಂಜಿನ್ ಅದು. ಆ ಜೀಪಿನ ನೋಂದಣಿ ರದ್ದಾದ ಕಾಗದ, ಸ್ಪಷ್ಟ ಇಂಜಿನ್ ನಂಬರ್, ಮಾಲೀಕರ ಸಹಿಯ ರಸೀದಿ ಮೂರೂ ಕೈಗೆ ಬಂದ ಮೇಲೆಯೇ ದುಡ್ಡು ಕೊಟ್ಟೆ. ಒಟ್ಟು ಖರ್ಚು ಹೀಗಾಯಿತು:

ಇಂಜಿನ್: 45,000
ಲೈನರ್, ಪಿಸ್ಟನ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಪಂಪ್ ಮತ್ತು ನಾಝಲ್ ಕೆಲಸ: 38,000
ಕ್ಲಚ್, ಬೆಲ್ ಹೌಸಿಂಗ್, ಮೌಂಟಿಂಗಿನ ಲೇತ್ ಕೆಲಸ: 17,500
ರೇಡಿಯೇಟರ್, ಹೋಸ್: 8,500
ಸೈಲೆನ್ಸರ್, ವೈರಿಂಗ್, ಬ್ಯಾಟರಿ: 9,000
ಮುಂದಿನ ಸ್ಪ್ರಿಂಗ್ ಪಟ್ಟಾ: 4,000
ಕೂಲಿ: 18,000
ಆರ್‌ಸಿ ತಿದ್ದುಪಡಿ, ತಪಾಸಣೆ, ಓಡಾಟ: 4,000

ಒಟ್ಟು 1,44,000. ಅದರಲ್ಲಿ 60,000 ಹೊಲದ ಪುಟಕ್ಕೆ, ಆರ್‌ಡಿಯ 84,000 ಅಪ್ಪನ ಪುಟಕ್ಕೆ. ಈ ಒಟ್ಟಿನಲ್ಲಿ ಇಂಜಿನ್ನಿನ ಪಾಲು ಮೂರರಲ್ಲಿ ಒಂದೂ ಇಲ್ಲ. ಉಸ್ತಾದರು ಹೇಳಿದ "ಮನಿ" ಎಂದರೆ ಉಳಿದ 99,000. ಹೈದರಾಬಾದಿನಲ್ಲಿ ಹೋದ 10,000 ಇದರ ಹೊರಗೆ.

ದುಡ್ಡಿನಲ್ಲಿ ಬರೆಯಲಾಗದ ಬೆಲೆಯೂ ಇದೆ. ಪ್ಯೂಜೋ ಇಂಜಿನ್ 4,500 ಸುತ್ತು ತಿರುಗುತ್ತಿತ್ತು, ಇದು ಮೆಲ್ಲಗೆ ತಿರುಗುವ ಇಂಜಿನ್. ಆಕ್ಸಲ್ಲಿನ ಹಲ್ಲು ಹಳೆಯದೇ ಇರುವುದರಿಂದ 65ನೇ ನಂಬರಿನ ಹೆದ್ದಾರಿಯಲ್ಲಿ ಅರವತ್ತರ ಆಚೆ ಇಂಜಿನ್ ಕೂಗತೊಡಗುತ್ತದೆ. ಕೆಸರಿನಲ್ಲಿ ಮಾತ್ರ ಎತ್ತಿನ ಹಾಗೆ ಎಳೆಯುತ್ತದೆ. ಇನ್ನೊಂದು ಬಾಗಿಲೂ ಮುಚ್ಚಿತು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಇಂಜಿನ್, ಚಾಸಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಂಗ್ರಹಕ್ಕೆಂದು ಹಳೆಯ ಜೀಪು ಇಟ್ಟುಕೊಂಡವರು ಇಂಜಿನ್ ಬಿಚ್ಚುವ ಮೊದಲು ಇದನ್ನು ಯೋಚಿಸಲೇಬೇಕು. ನಮ್ಮದು ಹೊಲಕ್ಕೆ ಹೋಗುವ ಜೀಪು, ನಾನು ಅರಿತೇ ಆ ಬಾಗಿಲು ಮುಚ್ಚಿದೆ.

ಇಂಜಿನ್ ಬದಲಿಸುವ ಓದುಗರಿಗೆ ಇನ್ನೊಂದು ಮಾತು. ಆರ್‌ಸಿಯಲ್ಲಿ ಹೊಸ ನಂಬರ್ ಏರಿದ ದಿನವೇ ವಿಮಾ ಕಂಪನಿಗೂ ಬರೆದು ಪಾಲಿಸಿ ತಿದ್ದಿಸಿಕೊಳ್ಳಿ. ಕಾಗದದಲ್ಲಿ ಒಂದು ನಂಬರ್, ಗಾಡಿಯಲ್ಲಿ ಒಂದು ನಂಬರ್ ಇದ್ದರೆ ಅಪಘಾತದ ದಿನ ಕ್ಲೇಮು ತಕರಾರಿಗೆ ಬೀಳುತ್ತದೆ. ಲೆಕ್ಕವನ್ನು ವರ್ಷಕ್ಕೊಮ್ಮೆ ಮತ್ತೆ ತೆರೆಯಿರಿ. ಹಳೆಯ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದವುಗಳಿಗೆ 10,000 ಆಯಿತು. ಐದು ವರ್ಷಕ್ಕೊಮ್ಮೆ ಕಟ್ಟುವುದಾದ್ದರಿಂದ ನನ್ನ ಹೊಲದ ಪುಟದ 6,000 ಈಗ 5,000ಕ್ಕೆ ಇಳಿದಿದೆ. ಅದು 0 ಮುಟ್ಟಿದ ವರ್ಷ ಹೊಲಕ್ಕೆ ಬಾಡಿಗೆ ಗಾಡಿ ತರುತ್ತೇನೆ.

2024ರ ಪುಷ್ಯ ಮಳೆಯಲ್ಲಿ ಜೀಪು ಮತ್ತೆ ಹೊಲ ಕಂಡಿತು. ಮುಂದಿನ ಶಿವರಾತ್ರಿಗೆ ಅವ್ವ ಮುಂದಿನ ಸೀಟಿನಲ್ಲಿ, ಓಣಿಯ ಹೆಣ್ಣುಮಕ್ಕಳು ಹಿಂದೆ ಕೂತು ಝರಾಸಂಗಮಕ್ಕೆ ಹೋಗಿಬಂದೆವು. ಆ ರಾತ್ರಿ ಡೀಸೆಲ್ ಖರ್ಚನ್ನು ಅಪ್ಪನ ಪುಟದಲ್ಲಿ ಬರೆದೆ. ಆ ಪುಟದಲ್ಲಿ ಜಮೆಯ ಸಾಲು ಖಾಲಿಯೇ ಇದೆ, ಖಾಲಿಯೇ ಇರುತ್ತದೆ. ಹೊಲದ ಪುಟದಿಂದ ಅದಕ್ಕೆ ಸಾಲ ಕೊಡದಿದ್ದರೆ ಸಾಕು.