ಇಳಿವಯಸ್ಸಿನಲ್ಲಿ ತೂಕ ಇಳಿದಾಗ: ಸಡಿಲಗೊಂಡ ಚರ್ಮದ ವಿಚಾರ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ಹಿರಿಯರ ಮಾತು. ಐವತ್ತು ಅರವತ್ತರ ವಯಸ್ಸಿನಲ್ಲಿ ಮಧುಮೇಹ, ರಕ್ತದ ಒತ್ತಡ ಅಥವಾ ಮೊಣಕಾಲು ನೋವಿನ ನಿಮಿತ್ತ ವೈದ್ಯರ ಸಲಹೆ ಪಡೆದು, ಊಟವನ್ನು ಹಿತಮಿತಗೊಳಿಸಿ, ಹತ್ತು ಹದಿನೈದು ಕಿಲೋ ತೂಕ ಇಳಿಸಿಕೊಂಡವರು ಈ ಗಾದೆಯ ಮೊದಲ ಅರ್ಧವನ್ನು ಸಾಧಿಸಿದವರು. ಆದರೆ ಕೋಠಿಯ ಬ್ಯಾಂಕ್ ಸ್ಟ್ರೀಟಿನಲ್ಲಿಯೋ ಸುಲ್ತಾನ್ ಬಜಾರಿನಲ್ಲಿಯೋ ಎದುರಾದ ಪರಿಚಿತರು ಅವರನ್ನು ಅಭಿನಂದಿಸುವುದು ವಿರಳ. "ಯಾಕ್ರೀ, ಇಷ್ಟ್ಯಾಕ ಸೊರಗೀರಿ? ಮೈಯಾಗ ಆರಾಮಿಲ್ಲೇನು?" ಎಂದು ಕೇಳುವುದೇ ಹೆಚ್ಚು. ಗದ್ದದ ಕೆಳಗೆ, ತೋಳುಗಳಲ್ಲಿ, ಹೊಟ್ಟೆಯ ಮೇಲೆ ಜೋತುಬಿದ್ದ ಚರ್ಮವೇ ಈ ಪ್ರಶ್ನೆಗೆ ಕಾರಣ.

ಇದರಿಂದ ಮನನೊಂದು ಕೆಲವರು ಹಳೆಯ ಊಟಕ್ಕೇ ಮರಳುತ್ತಾರೆ. ಕೆಲವರು ಲೇಪನಗಳಿಗೆ ಹಣ ಸುರಿಯುತ್ತಾರೆ. ಮೊದಲನೆಯದರಿಂದ ಆರೋಗ್ಯದ ನಷ್ಟ, ಎರಡನೆಯದರಿಂದ ಹಣದ ನಷ್ಟ. ವಿಷಯವನ್ನು ಸರಿಯಾಗಿ ತಿಳಿದರೆ ಇವೆರಡನ್ನೂ ತಪ್ಪಿಸಬಹುದು.

ಚರ್ಮ ಏಕೆ ಜೋಲುತ್ತದೆ?

ಚರ್ಮಕ್ಕೆ ಬಿಗಿತನವನ್ನು ಕೊಡುವುದು ಅದರ ಒಳಪದರದಲ್ಲಿರುವ ಕೊಲಾಜೆನ್ ಎಂಬ ನಾರು. ಎಳೆದು ಬಿಟ್ಟಾಗ ಹಿಂದಿರುಗುವ ಗುಣವನ್ನು ಕೊಡುವುದು ಎಲಾಸ್ಟಿನ್ ಎಂಬ ಇನ್ನೊಂದು ನಾರು. ಕೊಲಾಜೆನ್ನಿನ ಎಳೆಯು ಮೂರು ಸುರುಳಿಗಳು ಹೆಣೆದುಕೊಂಡ ಹಗ್ಗದಂತಿದೆ ಎಂಬುದನ್ನು ಮದರಾಸು ವಿಶ್ವವಿದ್ಯಾನಿಲಯದಲ್ಲಿ 1954-55ರಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ಬಹುಕಾಲ ಮೇದಸ್ಸಿನ ಭಾರ ಹೊತ್ತ ಚರ್ಮದಲ್ಲಿ ಈ ನಾರುಗಳು ಹಿಗ್ಗಿ ಹರಿದಿರುತ್ತವೆ. ಯೌವನದಲ್ಲಿ ಶರೀರವು ಅವನ್ನು ಬಹುಮಟ್ಟಿಗೆ ದುರಸ್ತಿ ಮಾಡಿಕೊಳ್ಳುತ್ತದೆ. ವಯಸ್ಸಾದಂತೆ ಹೊಸ ಕೊಲಾಜೆನ್ನಿನ ಉತ್ಪತ್ತಿ ಕುಗ್ಗುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಈ ಇಳಿತ ಇನ್ನೂ ಶೀಘ್ರ. ಧೂಮಪಾನ ಮತ್ತು ತೀವ್ರ ಬಿಸಿಲು ಹಾನಿಯನ್ನು ಹೆಚ್ಚಿಸುತ್ತವೆ. ಆದುದರಿಂದ ಚರ್ಮ ಜೋಲುವುದು ರೋಗದ ಲಕ್ಷಣವಲ್ಲ, ತೂಕ ಇಳಿಸಿದವರ ತಪ್ಪೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪ್ರಯತ್ನಪೂರ್ವಕವಾಗಿ ತೂಕ ಇಳಿದಿದ್ದರೆ ಮಾತ್ರ ಈ ಮಾತು ಸಲ್ಲುತ್ತದೆ. ಪ್ರಯತ್ನವಿಲ್ಲದೆ ತೂಕ ಕರಗುತ್ತಿದ್ದರೆ ಮಧುಮೇಹ, ಕ್ಷಯ, ಥೈರಾಯ್ಡ್ ದೋಷ ಅಥವಾ ಅರ್ಬುದದ ಶಂಕೆಯಿದ್ದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಕಾಪಾಡಬೇಕಾದ ಮೂಲಧನ

ತೂಕ ಇಳಿಯುವಾಗ ಮೇದಸ್ಸು ಮಾತ್ರವಲ್ಲ, ಸ್ನಾಯುಗಳೂ ಸ್ವಲ್ಪ ಕರಗುತ್ತವೆ. ಉಪವಾಸದಿಂದ ಅಥವಾ 2025ರಿಂದ ನಮ್ಮ ದೇಶದಲ್ಲಿ ಬಳಕೆ ಹೆಚ್ಚಿರುವ ತೂಕ ಇಳಿಸುವ ಚುಚ್ಚುಮದ್ದುಗಳಿಂದ ವೇಗವಾಗಿ ಇಳಿದಾಗಲೂ ಇದನ್ನು ಗಮನಿಸಬೇಕು. ಸ್ನಾಯು ಕ್ಷೀಣಿಸಿದರೆ ಚರ್ಮಕ್ಕೆ ಒಳಗಿನ ಆಸರೆ ತಪ್ಪಿ ಜೋಲು ಹೆಚ್ಚುತ್ತದೆ; ಅದಕ್ಕಿಂತ ಮುಖ್ಯವಾಗಿ ವೃದ್ಧರು ಎಡವಿ ಬೀಳುವ ಅಪಾಯ ಹೆಚ್ಚುತ್ತದೆ. ಮೇದಸ್ಸನ್ನು ಖರ್ಚು ಮಾಡಬಹುದು, ಸ್ನಾಯುವೆಂಬ ಮೂಲಧನವನ್ನು ಮುಟ್ಟಬಾರದು.

ಇದಕ್ಕೆ ಮೂರು ಉಪಾಯಗಳಿವೆ.

1. ನಿಧಾನ: ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಸಾಕು. ಹದಿನೈದು ಕಿಲೋ ಇಳಿಯಲು ಏಳು ತಿಂಗಳು ಹಿಡಿದರೂ ಅವಸರ ಬೇಡ.

2. ಸಸಾರಜನಕ, ಅಂದರೆ ಪ್ರೋಟೀನು: ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಎಂದು 2020ರಲ್ಲಿ ಸೂಚಿಸಿದೆ. ಎಪ್ಪತ್ತು ಕಿಲೋ ತೂಕದವರಿಗೆ ಇದು ಸುಮಾರು 58 ಗ್ರಾಂ. ವೃದ್ಧರಿಗೆ 1ರಿಂದ 1.2 ಗ್ರಾಂ ಬೇಕೆಂಬುದು ಹಲವು ತಜ್ಞರ ಮತ. ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಲೋಟ ಹಾಲು, ಒಂದು ಮೊಟ್ಟೆ, ಇವು ಒಂದೊಂದರಲ್ಲಿಯೂ ಸುಮಾರು 6 ಗ್ರಾಂ ದೊರೆಯುತ್ತದೆ. ಜೋಳದ ರೊಟ್ಟಿಯ ಜೊತೆಗೆ ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೆ ಲೆಕ್ಕ ತುಂಬುವುದು ಸುಲಭ. ಬಿಸ್ಕತ್ತು ಚಹಾದಿಂದ ತುಂಬುವುದಿಲ್ಲ. ಕೊಲಾಜೆನ್ ರಚನೆಗೆ 'ಸಿ' ಜೀವಸತ್ವವೂ ಬೇಕಾದುದರಿಂದ ನೆಲ್ಲಿಕಾಯಿ, ಸೀಬೆಹಣ್ಣು ಹಿತಕರ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ನಿರ್ಧರಿಸಬೇಕು.

3. ಬಲ ಕೊಡುವ ವ್ಯಾಯಾಮ: ನಡಿಗೆಯೊಂದೇ ಸಾಲದು. ಕೈಯೂರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಇವನ್ನು ವಾರಕ್ಕೆ ಎರಡು ಮೂರು ದಿನ ಮಾಡಬೇಕು. ತೋಳು ತೊಡೆಗಳು ತುಂಬಿದಂತೆ ಜೋಲು ಕಡಿಮೆಯಾಗಿ ಕಾಣುತ್ತದೆ; ಆದರೆ ಬಹಳ ಹಿಗ್ಗಿದ ಹೊಟ್ಟೆಯ ಚರ್ಮ ಇದರಿಂದ ಪೂರ್ತಿ ಬಿಗಿಯಾಗದು.

ಮಡಿಕೆಗಳ ಆರೈಕೆ

ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ನವೆ, ಕೆಂಪು, ದುರ್ಗಂಧ ಉಂಟಾಗಬಹುದು. ಮಧುಮೇಹಿಗಳಲ್ಲಿ ಶಿಲೀಂಧ್ರದ ಸೋಂಕು ಬೇಗ ಹತ್ತುತ್ತದೆ. ಸ್ನಾನದ ಬಳಿಕ ಮಡಿಕೆಗಳನ್ನು ಉಜ್ಜದೆ, ಒತ್ತಿ ಒರೆಸಿ ಒಣಗಿಸಬೇಕು. ಹತ್ತಿಯ ಸಡಿಲ ಉಡುಪು ಲೇಸು. ಹೈದರಾಬಾದಿನ ಬೇಸಿಗೆಯಲ್ಲಿ ದಿನಕ್ಕೆ ಎರಡು ಬಾರಿ ಹೀಗೆ ಮಾಡುವುದು ಮೇಲು. ಹುಣ್ಣಾದರೆ ಅಂಗಡಿಯಲ್ಲಿ ಕೇಳಿ ಮುಲಾಮು ಕೊಳ್ಳದೆ ಚರ್ಮವೈದ್ಯರಿಗೆ ತೋರಿಸಬೇಕು.

ಲೇಪನವೇ? ಶಸ್ತ್ರಚಿಕಿತ್ಸೆಯೇ?

ಲೇಪನಗಳು ಚರ್ಮದ ಒಣತನವನ್ನು ನೀಗಿಸುತ್ತವೆಯೇ ಹೊರತು ಹೆಚ್ಚಾದ ಚರ್ಮವನ್ನು ಇಲ್ಲವಾಗಿಸುವುದಿಲ್ಲ. ಅದಕ್ಕೆ ಖಚಿತವಾದ ಮಾರ್ಗ ಶಸ್ತ್ರಚಿಕಿತ್ಸೆಯೊಂದೇ. ಕೋಠಿಯಲ್ಲಿರುವ ಉಸ್ಮಾನಿಯಾ ವೈದ್ಯಕೀಯ ಕಾಲೇಜು 1846ರಲ್ಲಿ ಹೈದರಾಬಾದ್ ವೈದ್ಯ ಶಾಲೆಯಾಗಿ ಆರಂಭವಾದ ಸಂಸ್ಥೆ. ಅದಕ್ಕೆ ಸೇರಿದ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ; ಅಂತಹ ತಜ್ಞರಿಂದಲೇ ಸಲಹೆ ಪಡೆಯುವುದು ಯುಕ್ತ.

ಶಸ್ತ್ರಚಿಕಿತ್ಸೆಗೆ ಮುನ್ನ ತೂಕವು ಕನಿಷ್ಠ ಆರು ತಿಂಗಳು ಸ್ಥಿರವಾಗಿರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ಧೂಮಪಾನ ನಿಂತಿರಬೇಕು. ರಕ್ತಸ್ರಾವ, ಸೋಂಕು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಇದರ ಅಪಾಯಗಳು. ಸೊಂಟದಿಂದ ಸೊಂಟದವರೆಗೆ ಉದ್ದನೆಯ ಕಲೆ ಉಳಿಯುತ್ತದೆ. ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆರೋಗ್ಯಕ್ಕೆ ನೇರ ಅಪಾಯವಿದ್ದು ಚಿಕಿತ್ಸೆ ಅಗತ್ಯವೆಂದು ವೈದ್ಯರು ದೃಢೀಕರಿಸಿದರೆ ಪರಿಶೀಲನೆಗೆ ಅವಕಾಶವುಂಟು. ಆದ್ದರಿಂದ ಮುಂಚಿತವಾಗಿಯೇ ವಿಮಾ ಪತ್ರದ ಷರತ್ತುಗಳನ್ನು ಓದಿ, ಲಿಖಿತ ಒಪ್ಪಿಗೆ ಪಡೆಯಬೇಕು.

ಬಹುಮಂದಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳದು. ಸಕ್ಕರೆ ಇಳಿದು, ಮೆಟ್ಟಿಲು ಹತ್ತುವಾಗ ಏದುಸಿರು ತಪ್ಪಿ, ಮೊಣಕಾಲು ಹಗುರಾಗಿದ್ದರೆ, ತೋಳಿನಲ್ಲಿ ಜೋಲುವ ಚರ್ಮವು ಆ ಲಾಭಕ್ಕೆ ತೆತ್ತ ಅಲ್ಪ ಬೆಲೆಯಷ್ಟೆ. ಬಂಧುಮಿತ್ರರೂ ಗಾದೆಯ ಎರಡನೆಯ ಅರ್ಧವನ್ನು ನೆನಪಿಡಬೇಕು. ಕಷ್ಟಪಟ್ಟು ಆರೋಗ್ಯ ಗಳಿಸಿದ ಹಿರಿಯರನ್ನು 'ಯಾಕೆ ಸೊರಗಿದಿರಿ' ಎಂದು ಕೇಳುವ ಬದಲು 'ಈಗ ಹೇಗಿದ್ದೀರಿ' ಎಂದು ಕೇಳಿದರೆ, ಅವರು ಹಿಡಿದ ದಾರಿಯಲ್ಲೇ ನಡೆಯಲು ಅದೇ ಬಲವಾದೀತು.