ಪದ ಪರಿಚಯ: ‘ಆಬ್‌ಸ್ಟ್ರಕ್ಷನ್’ – ಅಡ್ಡಿ, ಅಡಚಣೆ, ಒತ್ತುವರಿ



ಕಾಯ್ದೆ, ನೋಟಿಸು ಹಾಗೂ ಪೊಲೀಸ್ ದೂರುಗಳಲ್ಲಿ ಮೇಲಿಂದ ಮೇಲೆ ಎದುರಾಗುವ ಇಂಗ್ಲಿಷ್ ಪದಗಳಲ್ಲಿ ‘ಆಬ್‌ಸ್ಟ್ರಕ್ಷನ್’ ಒಂದು. ಇದನ್ನು ಎಲ್ಲೆಡೆಯೂ ‘ಅಡ್ಡಿ’ ಎಂದೇ ಬರೆಯುವ ರೂಢಿಯಿದೆ. ಆದರೆ ಸಂದರ್ಭಕ್ಕೆ ತಕ್ಕಂತೆ ಇದರ ಅರ್ಥವೂ ಕಾನೂನಿನ ಪರಿಣಾಮವೂ ಬೇರೆಯಾಗುತ್ತವೆ. ಪದ ತಪ್ಪಿದರೆ ಚರಂಡಿ ತೆರವಾಗದೆ ಉಳಿಯಬಹುದು. ಪ್ರಶ್ನೆ ಕೇಳಿದ ಗ್ರಾಮಸ್ಥರು ಆರೋಪಿಗಳಾಗಬಹುದು.

1. ಪದದ ಮೂಲ

‘ಆಬ್‌ಸ್ಟಕಲ್’ ಮತ್ತು ‘ಆಬ್‌ಸ್ಟ್ರಕ್ಷನ್’ ಎರಡೂ ಲ್ಯಾಟಿನ್ ಮೂಲದವು. ಮೊದಲನೆಯದರ ಮೂಲಾರ್ಥ ‘ಎದುರಿಗೆ ನಿಲ್ಲುವುದು’. ಎರಡನೆಯದರದು ‘ಎದುರಿಗೆ ಕಟ್ಟುವುದು’. ಇಂದು ಇವುಗಳ ಬಳಕೆ ಬೆರೆತಿದ್ದರೂ ಈ ಭೇದ ನಮಗೆ ಉಪಯುಕ್ತ. ಮಳೆಗೆ ದಾರಿಯ ಮೇಲೆ ಉರುಳಿದ ಮರವನ್ನು ತೆಗೆಸಿದರೆ ಸಾಕು. ದಾರಿಗೆ ಹಾಕಿದ ಬೇಲಿಯಾದರೆ ಹಾಕಿದವರನ್ನು ಗುರುತಿಸಿ ನೋಟಿಸು ನೀಡಬೇಕು.

2. ಅಡಚಣೆ ಮತ್ತು ಒತ್ತುವರಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 72 ಈ ಎರಡನ್ನೂ ಕುರಿತದ್ದು. ಅಡಚಣೆಯು ಸಂಚಾರಕ್ಕೆ ಅಥವಾ ನೀರಿನ ಹರಿವಿಗೆ ಸಂಬಂಧಿಸಿದ್ದು. ಒತ್ತುವರಿಯು ಜಾಗಕ್ಕೆ ಸಂಬಂಧಿಸಿದ್ದು. ರಸ್ತೆಯಲ್ಲಿ ಸುರಿದ ಜಲ್ಲಿ ರಾಶಿ ಅಡಚಣೆ. ರಸ್ತೆಯ ಅಂಚಿನಲ್ಲಿ ಕಟ್ಟಿದ ಜಗಲಿ, ವಾಹನಗಳು ಸರಾಗವಾಗಿ ಸಾಗುತ್ತಿದ್ದರೂ, ಒತ್ತುವರಿ. ಚರಂಡಿಯ ಮೇಲೆ ಎಬ್ಬಿಸಿ ನೀರು ತಡೆದ ಗೋಡೆ ಎರಡೂ ಹೌದು. ಒತ್ತುವರಿ ಎಂದು ಬರೆಯುವ ಮುನ್ನ ಗಡಿಯ ಅಳತೆ ಕಡತದಲ್ಲಿರಲಿ.

ವ್ಯಾಪ್ತಿಯನ್ನೂ ಗಮನಿಸಬೇಕು. ಶಿವಮೊಗ್ಗದ ರವೀಂದ್ರನಗರದಂತಹ ನಗರ ಬಡಾವಣೆಯಲ್ಲಿ ಈ ಅಧಿಕಾರ ಮಹಾನಗರ ಪಾಲಿಕೆಯದು. ಅಲ್ಲಿಗೆ 1976ರ ಪೌರ ನಿಗಮಗಳ ಅಧಿನಿಯಮ ಅನ್ವಯಿಸುತ್ತದೆ.

3. ಕರ್ತವ್ಯಕ್ಕೆ ಅಡ್ಡಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕರಣ 221ರಂತೆ, ಸರ್ಕಾರಿ ನೌಕರರ ಕರ್ತವ್ಯಕ್ಕೆ ಬುದ್ಧಿಪೂರ್ವಕವಾಗಿ ಅಡ್ಡಿಪಡಿಸಿದರೆ 3 ತಿಂಗಳವರೆಗೆ ಕಾರಾವಾಸ, 2,500 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಲ್ಲೆ ಅಥವಾ ಬಲಪ್ರಯೋಗ ನಡೆದಿದ್ದರೆ ಪ್ರಕರಣ 132 ಅನ್ವಯಿಸುತ್ತದೆ. ಗ್ರಾಮಸಭೆಯಲ್ಲಿ ಲೆಕ್ಕ ಕೇಳುವುದು, ಕಾಮಗಾರಿಯ ಗುಣಮಟ್ಟ ಪ್ರಶ್ನಿಸುವುದು, ಭಿನ್ನಾಭಿಪ್ರಾಯ ದಾಖಲಿಸಲು ಕೋರುವುದು ಅಡ್ಡಿಯಲ್ಲ. ಅವು ಪ್ರಶ್ನೆ ಅಥವಾ ಆಕ್ಷೇಪಣೆ. ಅವುಗಳನ್ನು ನಡಾವಳಿಯಲ್ಲಿ ಹಾಗೆಯೇ ಬರೆಯತಕ್ಕದ್ದು.

4. ಕಣ್ಣಿಗೆ ಬೀಳದ ತಡೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಬರುವ ‘ಬ್ಯಾರಿಯರ್’ ಪದಕ್ಕೆ ‘ಅಡೆತಡೆ’ ಹೊಂದುತ್ತದೆ. ಪಂಚಾಯಿತಿ ಕಟ್ಟಡದ ಮೂರು ಮೆಟ್ಟಿಲು ಗಾಲಿಕುರ್ಚಿಯಲ್ಲಿ ಬರುವವರಿಗೆ ಪೂರ್ಣ ತಡೆಯೇ ಸರಿ. ಇಳಿಜಾರು ಹಾದಿ 1:12 ಪ್ರಮಾಣದಲ್ಲಿರಬೇಕು: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾದರೆ ಇಳಿಜಾರೇ ಹೊಸ ಅಡೆತಡೆಯಾದೀತು.

5. ನಡಾವಳಿಯಲ್ಲಿ ಬಳಕೆ

ಅಸ್ಪಷ್ಟ: “ರಸ್ತೆಗೆ ಅಡ್ಡಿ ಮಾಡಿರುವುದನ್ನು ತೆರವುಗೊಳಿಸಲು ತೀರ್ಮಾನಿಸಿತು.”

ಸ್ಪಷ್ಟ: “ಶಾಲೆಯ ಮುಂದಿನ ರಸ್ತೆಯಲ್ಲಿ 4 ಅಡಿ ಅಗಲಕ್ಕೆ ಕಲ್ಲು ರಾಶಿ ಹಾಕಿ ಸಂಚಾರಕ್ಕೆ ಅಡಚಣೆ ಉಂಟುಮಾಡಿರುವುದರಿಂದ, ಸಂಬಂಧಿಸಿದವರಿಗೆ ನೋಟಿಸು ನೀಡಲು ತೀರ್ಮಾನಿಸಿತು.”

ಏನು, ಎಲ್ಲಿ, ಎಷ್ಟು, ಯಾರಿಂದ, ಯಾವುದಕ್ಕೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಪದವನ್ನು ಆರಿಸಿಕೊಳ್ಳಿ.

ಅಭ್ಯಾಸ

ಕೆಳಗಿನವುಗಳಿಗೆ ಸೂಕ್ತ ಪದ ಬರೆದು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿರಿ:
(ಅ) ಸ್ಮಶಾನದ ದಾರಿಗೆ ಅಡ್ಡಲಾಗಿ ನಿಲ್ಲಿಸಿದ ಟ್ರ್ಯಾಕ್ಟರ್.
(ಆ) ಕೆರೆಯ ಅಂಗಳದಲ್ಲಿ ಬೆಳೆಸಿದ ಅಡಿಕೆ ತೋಟ.
(ಇ) ಫಲಾನುಭವಿಗಳ ಪಟ್ಟಿ ಓದಿ ಹೇಳುವಂತೆ ಪಟ್ಟು ಹಿಡಿದ ಮಹಿಳೆ.