ಇಬ್ಬರೂ ಬರೆದರು, ಒಬ್ಬರಿಗೇ ಸೀಟು ಬಂದರೆ?



ಬಂಟ್ವಾಳದ ಒಬ್ಬ ಹುಡುಗ, ಬೆಳ್ತಂಗಡಿಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಮೂಡುಬಿದಿರೆಯಲ್ಲಿ ಒಟ್ಟಿಗೆ ಪಿಯುಸಿ ಓದಿದವರು. ಇಬ್ಬರೂ ಡಾಕ್ಟರಾಗಿ, ಮುಂದೆ ಹಿರಿಯರ ಒಪ್ಪಿಗೆ ಪಡೆದು ಜೊತೆಯಾಗಿ ಬಾಳಬೇಕೆಂಬುದು ಅವರ ಆಸೆ. ಆದರೆ ನೀಟ್ ಪರೀಕ್ಷೆಯಲ್ಲಿ ಇಬ್ಬರಿಗೂ ಬೇಕಾದಷ್ಟು ಅಂಕ ಬರಲಿಲ್ಲ. ಈಗ ಇನ್ನೊಂದು ವರ್ಷ ಓದಲು ಲಾಂಗ್ ಟರ್ಮ್ ತರಗತಿಗೆ ಸೇರಿದ್ದಾರೆ. ಇಂಥವರು ನಿಮ್ಮ ಧರ್ಮಕೇಂದ್ರದಲ್ಲೂ ಇರಬಹುದು, ನಿಮ್ಮ ಮನೆಯಲ್ಲೇ ಇರಬಹುದು. ಎರಡನೆಯ ಫಲಿತಾಂಶ ಬರುವ ಮುಂಚೆಯೇ ಅವರು ಕುಳಿತು ಮಾತಾಡಬೇಕಾದ ವಿಷಯ ಒಂದಿದೆ. ಸೀಟು ಒಬ್ಬರಿಗೆ ಮಾತ್ರ ಬಂದರೆ?

ಮೊದಲ ಸೋಲನ್ನು ಸರಿಯಾಗಿ ಅಳೆಯೋಣ. 2025ರ ಮೇ 4ರಂದು ದೇಶದಲ್ಲಿ ಸುಮಾರು 22 ಲಕ್ಷ ಮಂದಿ ನೀಟ್ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಎಂಬಿಬಿಎಸ್ ಸೀಟುಗಳಾದರೋ ಸುಮಾರು 1.2 ಲಕ್ಷ. ಅರ್ಹತೆ ಪಡೆದವರಲ್ಲೇ ಹತ್ತರಲ್ಲಿ ಒಂಬತ್ತು ಮಂದಿಗೆ ಆ ವರ್ಷ ಸೀಟಿಲ್ಲ. ಹಾಗಿರುವಾಗ ಸೀಟು ತಪ್ಪಿದ ಮಗುವನ್ನು ದಡ್ಡನೆಂದು ಕರೆಯುವುದು ಅನ್ಯಾಯ. ಪುನಃ ಬರೆಯಲು ಅಡ್ಡಿಯೂ ಇಲ್ಲ. ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಇಷ್ಟೇ ಸಲ ಬರೆಯಬೇಕೆಂಬ ನಿಯಮವೂ ಇಲ್ಲ.

ಆದರೆ ಕಳೆದ ವರ್ಷ ಎಲ್ಲಿ ಎಡವಿದೆವು ಎಂದು ನೋಡದೆ ಪುನಃ ಓದಿದರೆ ಪ್ರಯೋಜನವಿಲ್ಲ. ಒಟ್ಟು 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಬ್ಬನಿಗೆ ಭೌತಶಾಸ್ತ್ರ ಕಷ್ಟವಾಗಿರಬಹುದು, ಇನ್ನೊಬ್ಬಳು ಅಂದಾಜಿನ ಉತ್ತರ ಬರೆದು ಅಂಕ ಕಳೆದುಕೊಂಡಿರಬಹುದು. ಇಬ್ಬರ ರೋಗ ಬೇರೆಯಾದರೆ ಮದ್ದೂ ಬೇರೆ. ಆದ್ದರಿಂದ ಓದಿನ ಪಟ್ಟಿ ಪ್ರತ್ಯೇಕವಾಗಿರಲಿ. ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳಿ. ದಿನಾಲೂ ಅಂಕ ಹೋಲಿಸಬೇಡಿ.

ಅರ್ಜಿಯ ಕೆಲಸವನ್ನೂ ಹಗುರವಾಗಿ ಕಾಣಬೇಡಿ. ನೀಟ್‌ಗೆ ಅರ್ಜಿ ಹಾಕಿದರೆ ಸಾಲದು. ರಾಜ್ಯದ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಪ್ರತ್ಯೇಕ ಅರ್ಜಿ ಬೇಕು. ಕರ್ನಾಟಕದಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯಿದೆ. ವೇಣೂರು, ಗುರುವಾಯನಕೆರೆ ಕಡೆಯ ಹಳ್ಳಿ ಶಾಲೆಗಳಲ್ಲಿ ಕಲಿತ ಮಕ್ಕಳು ಇದನ್ನು ಮರೆಯಬಾರದು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಕಾಲೇಜುಗಳ ಆಯ್ಕೆಪಟ್ಟಿ ತುಂಬುವಾಗ "ಇಬ್ಬರೂ ಒಂದೇ ಕಾಲೇಜು" ಎಂಬ ಹಟ ಬೇಡ. ರ‍್ಯಾಂಕ್ ಒಬ್ಬೊಬ್ಬರದು, ಆಯ್ಕೆಯೂ ಹಾಗೆಯೇ.

ಈಗ ಆ ಕಠಿಣ ಪ್ರಶ್ನೆಗೆ ಬರೋಣ. ಒಬ್ಬಳಿಗೆ ಸೀಟು ಬಂತು, ಒಬ್ಬನಿಗೆ ಬರಲಿಲ್ಲ. ಆಗ ಎರಡು ತಪ್ಪುಗಳಾಗುತ್ತವೆ. ಗೆದ್ದವಳು ಸ್ನೇಹಕ್ಕಾಗಿ ಸೀಟು ಬಿಡಲು ಹೊರಡುತ್ತಾಳೆ. ಇಲ್ಲವೇ ಸೋತವನು ನಾಚಿಕೆಯಿಂದ ಮುಖ ತಪ್ಪಿಸುತ್ತಾನೆ. ನೀಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ; ಬಿಟ್ಟ ಸೀಟು ಮರಳಿ ಬರುವುದಿಲ್ಲ. ಆದ್ದರಿಂದ ಈಗಲೇ ಹೇಳಿಕೊಳ್ಳಿ: "ಸಿಕ್ಕಿದವರು ಹೋಗಬೇಕು. ಉಳಿದವರು ಒಂದು ತಿಂಗಳು ಯಾವ ನಿರ್ಧಾರವನ್ನೂ ಮಾಡಬಾರದು." ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಇಷ್ಟು ದೀರ್ಘ ದಾರಿಯಲ್ಲಿ ಒಂದು ವರ್ಷ ಹಿಂದೆ ಮುಂದೆ ಆದುದರಿಂದಲೇ ಒಡೆಯುವ ಸ್ನೇಹ, ಮದುವೆಯ ಭಾರವನ್ನು ಹೇಗೆ ಹೊತ್ತೀತು?

ರೋಗಿಯ ಸೇವೆಗೆ ಬಾಗಿಲು ಒಂದೇ ಅಲ್ಲ. ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. ಅಲ್ಲಿ ಎಂಬಿಬಿಎಸ್ ಕಾಲೇಜು ಆರಂಭವಾದದ್ದು 1999ರಲ್ಲಿ, ಅಂದರೆ 119 ವರ್ಷಗಳ ನಂತರ. ಆ ನಡುವಿನ ಕಾಲದಲ್ಲಿ ರೋಗಿಗಳ ಸೇವೆ ನಿಲ್ಲಲಿಲ್ಲ. ಆಯುರ್ವೇದ, ಹೋಮಿಯೋಪಥಿ, ನರ್ಸಿಂಗ್, ಫಿಸಿಯೋಥೆರಪಿ ಸೋತವರ ಕಸದಬುಟ್ಟಿಗಳಲ್ಲ.

ಹೆತ್ತವರೇ, ನಿಮಗೂ ಒಂದು ಮಾತು. ಸಾಲ ಮಾಡಿ ಕಟ್ಟಿದ ಶುಲ್ಕವನ್ನು ಊಟದ ಹೊತ್ತಿಗೆ ನೆನಪಿಸಬೇಡಿ. "ಅವಳಿಗೆ ಸಿಕ್ಕಿತು, ನಿನಗೇಕೆ ಇಲ್ಲ?" ಎಂದು ಕೇಳಬೇಡಿ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಬದುಕೇ ಬೇಡವೆಂದರೆ ಅದನ್ನು ಪರೀಕ್ಷೆಯ ಚಿಂತೆಯೆಂದು ತಳ್ಳಿಹಾಕದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.

ವೈದ್ಯನೆಂದು ಹೆಸರಾದ ಸಂತ ಲೂಕನ ಶುಭಸಂದೇಶದ ಐದನೆಯ ಅಧ್ಯಾಯ ತೆರೆದು ನೋಡಿ. ರಾತ್ರಿಯಿಡೀ ದುಡಿದರೂ ಪೇತ್ರನಿಗೆ ಮೀನು ಸಿಗಲಿಲ್ಲ. ಯೇಸುವಿನ ಮಾತಿನಂತೆ ಪುನಃ ಬಲೆ ಬೀಸಿದಾಗ ಅದು ತುಂಬಿತು. ಆಗ ಅವನು ಇನ್ನೊಂದು ದೋಣಿಯ ಜೊತೆಗಾರರನ್ನು ಕರೆದ. ಬಲೆ ಯಾರದೆಂದು ಅವರು ಕೇಳಲಿಲ್ಲ, ಬಂದು ಕೈಜೋಡಿಸಿದರು.

ಮನೆಯಲ್ಲಿ ಮಾತಾಡಲು:

1. ನಾನು ಡಾಕ್ಟರಾಗಬೇಕೆನ್ನುವುದು ರೋಗಿಗಾಗಿಯೋ, ಮನೆತನದ ಮರ್ಯಾದೆಗಾಗಿಯೋ, ಜೊತೆಗಿರುವವರಿಗಾಗಿಯೋ?
2. ನನ್ನ ಜೊತೆಗಾರರಿಗೆ ಮಾತ್ರ ಸೀಟು ಬಂದರೆ, ಅಂದು ಸಂಜೆ ಅವರ ಮನೆಗೆ ಹೋಗಿ ಸಂತೋಷ ಪಡುವೆನೇ?